ಕಡಲ ಗಾಳಿಗೆ ಯಾವ ಬೇಸ್ ತಡೆದೀತು? ದುಬಾರಿ ಬೇಸ್ ಗಿಟಾರ್ ಆರಿಸುವವರಿಗೆ

ಫೆಂಡರ್ ತಗೊಳ್ಳಲೋ, ಮ್ಯೂಸಿಕ್ ಮ್ಯಾನ್ ತಗೊಳ್ಳಲೋ, ಇನ್ನಷ್ಟು ದುಡ್ಡು ಕೂಡಿಸಿ ಸಡೌಸ್ಕಿಗೇ ಹೋಗಲೋ ಎಂಬ ಗೊಂದಲಕ್ಕೆ ಸಿಗುವ ಉತ್ತರಗಳೆಲ್ಲ ದನಿಯ ಸುತ್ತಲೇ ತಿರುಗುತ್ತವೆ. ಇದು ಗುಡುಗುತ್ತದೆ, ಅದು ಗುರುಗುಟ್ಟುತ್ತದೆ, ಇನ್ನೊಂದು ಕಂಚಿನ ಗಂಟೆಯ ಹಾಗೆ. ನಿಜ ಹೇಳಬೇಕೆಂದರೆ ಎರಡು ಲಕ್ಷ ದಾಟಿದ ಮೇಲೆ ಕೆಟ್ಟ ದನಿಯ ಬೇಸ್ ಹುಡುಕುವುದೇ ಕಷ್ಟ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆ ಮನೆ ಇರುವವರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ: ಮೂರು ಮಳೆಗಾಲ ಕಳೆದ ಮೇಲೆ ಈ ಬೇಸ್ ಹೇಗಿರುತ್ತದೆ?

ಒಳ್ಳೆಯ ಬೇಸ್ ಕಟ್ಟುವವರು ಮರವನ್ನು ಹದವಾಗಿ ಒಣಗಿಸಿ, ಶೇ 45–50ರ ತೇವದ ಕೋಣೆಯಲ್ಲಿ ಕೆಲಸ ಮಾಡುತ್ತಾರೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವ ಶೇ 80ರ ಕೆಳಗೆ ಇಳಿಯುವುದೇ ಅಪರೂಪ. ಅದರ ಮೇಲೆ ಉಪ್ಪು. ಆದ್ದರಿಂದ ಇಲ್ಲಿ ಅಳತೆಗೋಲು ಮೊದಲು, ಬ್ರ್ಯಾಂಡ್ ಆಮೇಲೆ.

ಯಾವುದನ್ನು ಮೊದಲು ನೋಡಬೇಕು

ಎಲ್ಲಕ್ಕಿಂತ ಮೊದಲು ನೆಕ್, ಅಂದರೆ ಬೆರಳಿಟ್ಟು ತಂತಿ ಒತ್ತುವ ಉದ್ದನೆಯ ಭಾಗ. 34 ಇಂಚು ಸ್ಕೇಲಿನ (ಕಂಪಿಸುವ ತಂತಿಯ ಉದ್ದದ) ಬೇಸ್‌ಗೆ 45–105ರ ದಪ್ಪದ (ಇಂಚಿನ ಸಾವಿರದ ಭಾಗದ ಲೆಕ್ಕ) ನಾಲ್ಕು ತಂತಿ ಬಿಗಿದರೆ ನೆಕ್ ಮೇಲೆ ಹೆಚ್ಚುಕಡಿಮೆ 80 ಕೆಜಿ ಎಳೆತ ಬೀಳುತ್ತದೆ. ಒಂದು ಮೂಟೆ ಅಡಕೆಯನ್ನು ಎರಡು ಬೆರಳು ದಪ್ಪದ ಮರದ ಪಟ್ಟಿ ಹಗಲೂ ರಾತ್ರಿ ಹೊತ್ತ ಹಾಗೆ. ಆ ಮರ ತೇವ ಕುಡಿದರೆ ಬಾಗುತ್ತದೆ. ಯಾವ ಕಡೆ ಬಾಗುತ್ತದೆ ಎಂಬುದು ಆಯಾ ಮರದ ಎಳೆಯ ಮೇಲೆ ನಿಂತಿದೆ. ಕೆಲವು ನೆಕ್ ಮಳೆಗಾಲದಲ್ಲಿ ಹಿಂದಕ್ಕೆ ಬಾಗಿ ಮೊದಲ ಐದು ಫ್ರೆಟ್‌ಗಳಲ್ಲಿ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳಲ್ಲಿ) ಜರ್ರೆನ್ನುತ್ತವೆ, ಕೆಲವು ಮುಂದಕ್ಕೆ ಬಾಗಿ ತಂತಿಯನ್ನು ಎತ್ತುತ್ತವೆ. ಅಂದಾಜು ಮಾಡುವ ಬದಲು ಅಳೆಯಬೇಕು: ಮೊದಲ ಫ್ರೆಟ್‌ಗೆ ಕ್ಯಾಪೋ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಹಾಕಿ, ಕೊನೆಯ ಫ್ರೆಟ್ ಒತ್ತಿ, ಏಳು–ಎಂಟನೇ ಫ್ರೆಟ್ ಹತ್ತಿರ ತಂತಿಯ ಕೆಳಗಿನ ಸಂದಿಗೆ ಫೀಲರ್ ಗೇಜ್ (ದಪ್ಪ ಬರೆದಿರುವ ತೆಳು ತಗಡು) ತೂರಿಸಿ. ಈ ಸಂದಿಗೆ ರಿಲೀಫ್ ಎಂದು ಹೆಸರು. 0.25ರಿಂದ 0.4 ಮಿ.ಮೀ. ಇದ್ದರೆ ಸರಿ. ಹೀಗಾಗಿ ಒಂದೇ ತುಂಡು ಮೇಪಲ್‌ಗಿಂತ ಮೂರು–ಐದು ಪಟ್ಟಿ ಅಂಟಿಸಿದ ನೆಕ್, ಒಳಗೆ ಗ್ರಾಫೈಟ್ ಕಂಬಿ ಇಟ್ಟ ನೆಕ್, ಅಥವಾ ಹುರಿದ ಮೇಪಲ್‌ನ ನೆಕ್ ಇಲ್ಲಿ ಹೆಚ್ಚು ನಂಬಿಕಸ್ತ. ಹುರಿಯುವುದೆಂದರೆ ಗಾಳಿಯಾಡದ ಗೂಡಿನಲ್ಲಿ ಮರವನ್ನು ಕಾಯಿಸಿ, ತೇವ ಹೀರುವ ಗುಣವನ್ನೇ ಕಡಿಮೆ ಮಾಡುವುದು. ಬಣ್ಣ ಕಂದುಗಟ್ಟುವುದು ಅದರ ಪರಿಣಾಮ ಅಷ್ಟೇ. ಬರೀ ಬಣ್ಣ ಬಳಿದ ನೆಕ್ಕನ್ನು ಹುರಿದದ್ದೆಂದು ನಂಬಿ ಮೋಸ ಹೋಗಬೇಡಿ.

ನೆಕ್ ಒಳಗೆ ಅದರ ಬಾಗು ತಿದ್ದುವ ಲೋಹದ ಸರಳು, ಅಂದರೆ ಟ್ರಸ್ ರಾಡ್ ಇರುತ್ತದೆ; ಅದನ್ನು ತಿರುಗಿಸುವ ನಟ್ ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. ಮಳೆಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ತಿರುಗಿಸಲೇಬೇಕಾದ ಊರಿನಲ್ಲಿ ನಟ್ ಕೈಗೆಟುಕುವಂತಿರಬೇಕು. ಹಳೆಯ ಶೈಲಿಯ ಬೇಸ್‌ಗಳಲ್ಲಿ ಅದು ನೆಕ್‌ನ ಬುಡದಲ್ಲಿ ಅಡಗಿರುತ್ತದೆ. ತಂತಿ ಸಡಿಲಿಸಿ, ನೆಕ್ ಬಿಚ್ಚಿ, ತಿರುಗಿಸಿ, ಮತ್ತೆ ಕೂರಿಸಿ ಅಳೆಯಬೇಕು. ಎರಡನೇ ವರ್ಷಕ್ಕೆ ಯಾರೂ ಮಾಡುವುದಿಲ್ಲ.

ಎರಡನೆಯದು ಲೋಹ. ಮಾಮೂಲಿ ಫ್ರೆಟ್‌ಗಳನ್ನು ನಿಕಲ್ ಸಿಲ್ವರ್ ಎನ್ನುತ್ತಾರೆ. ಅದರಲ್ಲಿ ಬೆಳ್ಳಿಯೂ ಇಲ್ಲ, ಕಬ್ಬಿಣವೂ ಇಲ್ಲ, ಇರುವುದು ತಾಮ್ರ, ನಿಕಲ್, ಸತು. ಹಾಗಾಗಿ ಅದಕ್ಕೆ ತುಕ್ಕು ಬರುವುದಿಲ್ಲ, ತಾಮ್ರದ ಹಂಡೆಗೆ ಬರುವಂಥ ಹಸಿರು ಕಿಲುಬು ಬರುತ್ತದೆ. (ಹಂಡೆಯ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಹುಳಿ ಮರಕ್ಕಿಳಿಯುತ್ತದೆ.) ಸ್ಟೇನ್‌ಲೆಸ್ ಫ್ರೆಟ್ ಆದರೆ ಈ ಕಾಟ ಇಲ್ಲ, ಸವೆತವೂ ಬಹಳ ಕಡಿಮೆ. ನಿಜವಾಗಿ ತುಕ್ಕು ಹಿಡಿಯುವುದು ತಂತಿಗೆ, ಸ್ಟ್ರ್ಯಾಪ್ ಬಟನ್ ಸ್ಕ್ರೂಗೆ, ಎಲ್ಲಕ್ಕಿಂತ ಹೆಚ್ಚಾಗಿ ಬ್ರಿಜ್‌ನ ಸ್ಯಾಡಲ್‌ಗಳಲ್ಲಿರುವ (ದೇಹದ ಕಡೆ ತಂತಿ ಕೂರುವ ಲೋಹದ ತುಂಡುಗಳಲ್ಲಿರುವ) ಚಿಕ್ಕ ಅಲೆನ್ ಸ್ಕ್ರೂಗಳಿಗೆ. ಕರಾವಳಿಯ ಹಳೆ ಬೇಸ್‌ಗಳಲ್ಲಿ ಎದ್ದು ಕಾಣುವ ದೋಷ ಇದೇ: ಸ್ಕ್ರೂ ಕಚ್ಚಿಕೊಂಡು, ಕೀಲಿ ತಿರುಗಿಸಿದರೆ ಅದರ ತಲೆಯೇ ಸವೆದುಹೋಗುತ್ತದೆ, ಆಮೇಲೆ ತಂತಿಯ ಎತ್ತರ ಹಾಗೇ ಖಾಯಂ. ಮೇ ತಿಂಗಳಲ್ಲಿ ಪ್ರತಿ ಸ್ಕ್ರೂಗೆ ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಮುಟ್ಟಿಸಿದರೆ ಸಾಕು.

ಮೂರನೆಯದು ಗುಂಯ್‌ಗುಡುವ ಸದ್ದು. ಜಾತ್ರೆ, ಮದುವೆ, ಚರ್ಚ್ ಫೆಸ್ತ್ ಬಹುಪಾಲು ಬೀಳುವುದು ನವೆಂಬರ್‌ನಿಂದ ಮೇ ಒಳಗೆ. ಚಿರೇಕಲ್ಲಿನ ನೆಲ ಒಣಗಿ ಕಲ್ಲಾದಾಗ ಅರ್ಥಿಂಗ್ ಹದಗೆಡುತ್ತದೆ, ಜೊತೆಗೆ ಜನರೇಟರ್, ಡಿಮ್ಮರ್, ಸೀರಿಯಲ್ ದೀಪ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗವೇ ಪಿಕಪ್; ಒಂದೇ ಸುರುಳಿಯ ಸಿಂಗಲ್ ಕಾಯಿಲ್ ಪಿಕಪ್ ಇಂಥಲ್ಲಿ ಜೇನುಗೂಡಿನ ಹಾಗೆ ಹಾಡುತ್ತದೆ. ಗುಂಯ್ ತಡೆಯುವಂತೆ ಕಟ್ಟಿದ ಹಮ್‌ಬಕರ್, ಸ್ಪ್ಲಿಟ್ ಕಾಯಿಲ್, ಅಥವಾ ನಾಯ್ಸ್‌ಲೆಸ್ ಪಿಕಪ್ ಇದ್ದರೆ ಪಾರು. ಅರ್ಥಿಂಗ್ ಕೆಟ್ಟಿದ್ದರೆ ತಂತಿ ಮುಟ್ಟಿಕೊಂಡೇ ಮೈಕ್‌ಗೆ ತುಟಿ ತಾಗಿಸಿದಾಗ ಶಾಕ್ ಹೊಡೆಯಬಹುದು. ಹಾಡುತ್ತಾ ನುಡಿಸುವವರು ಮೊದಲು ಟೆಸ್ಟರ್ ಹಿಡಿದು ನೋಡುವುದು ಕ್ಷೇಮ.

ಉಳಿದವು ಸಣ್ಣವು, ಆದರೆ ಕೊಳ್ಳುವ ದಿನ ಮರೆತುಹೋಗುವಂಥವು. ಪ್ರೀಆಂಪ್ (ದನಿ ತಿದ್ದುವ, ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್) ಇದ್ದರೆ, ಬ್ಯಾಟರಿ ಸತ್ತಾಗ ಬೇಸ್ ಮೂಕವಾಗುತ್ತದೆಯೇ, ಇಲ್ಲವೇ? ತೂಕ ನಾಲ್ಕು ಕೆಜಿಯ ಆಸುಪಾಸಿನಲ್ಲಿದೆಯೇ? ನಾಲ್ಕೂವರೆ ದಾಟಿದರೆ ಮೂರು ತಾಸಿನ ಆರ್ಕೆಸ್ಟ್ರಾದಲ್ಲಿ ಭುಜವೇ ಹೇಳುತ್ತದೆ. ತಂತಿ ಮಾಮೂಲಿ ಉದ್ದದ್ದೇ, ಅಥವಾ ವಿದೇಶದಿಂದಲೇ ತರಿಸಬೇಕೇ?

ಫೆಂಡರ್: ಹಳೆಯದಾದರೂ ಸುಲಭಕ್ಕೆ ಸೋಲದ್ದು

ಪ್ರಿಸಿಷನ್ 1951ರದ್ದು, ಜಾಝ್ ಬೇಸ್ 1960ರದ್ದು. ಎರಡಕ್ಕೂ 34 ಇಂಚು ಸ್ಕೇಲ್, ಎರಡಕ್ಕೂ ಬೋಲ್ಟ್ ಹಾಕಿದ ನೆಕ್. ಬೋಲ್ಟ್ ನೆಕ್ ಕರಾವಳಿಗೆ ದೊಡ್ಡ ವರ, ಏಕೆಂದರೆ ಇಪ್ಪತ್ತು ವರ್ಷದ ಮೇಲೆ ನೆಕ್ ತಿರುಚಿಕೊಂಡರೆ ಬೇರೆ ನೆಕ್ ಹಾಕಬಹುದು. ದೇಹದುದ್ದಕ್ಕೂ ಹಾಯ್ದ ನೆಕ್‌ನ ಬೇಸ್ ತಿರುಚಿಕೊಂಡರೆ ಅಲ್ಲಿಗೆ ಮುಗಿಯಿತು.

ಎರಡರಲ್ಲಿ ಯಾವುದು? ಪ್ರಿಸಿಷನ್‌ನ ಪಿಕಪ್ 1957ರಿಂದ ಸ್ಪ್ಲಿಟ್ ಕಾಯಿಲ್, ಸ್ವಭಾವದಿಂದಲೇ ಗುಂಯ್ ತಡೆಯುವಂಥದ್ದು. ಒಂದು ವಾಲ್ಯೂಮ್, ಒಂದು ಟೋನ್, ಬ್ಯಾಟರಿ ಇಲ್ಲ. ಕೆಡಲು ಇರುವುದೇ ಕಡಿಮೆ. ತಲೆಯ ಬುಡದಲ್ಲಿ ತಂತಿ ಕೂರುವ ಪಟ್ಟಿಗೂ ನಟ್ ಎಂದೇ ಹೆಸರು, ಅದರ ಅಗಲ ಸಾಮಾನ್ಯವಾಗಿ 41.3 ಮಿ.ಮೀ. ಜಾಝ್‌ನ ನಟ್ 38.1 ಮಿ.ಮೀ., ಕೈ ಚಿಕ್ಕದಾದವರಿಗೆ ಹಿತ. ಅದರ ಎರಡು ಸಿಂಗಲ್ ಕಾಯಿಲ್‌ಗಳನ್ನು ಪೂರ್ತಿ ತೆರೆದಾಗ ಒಂದರ ಗುಂಯ್ ಸದ್ದನ್ನು ಇನ್ನೊಂದು ನುಂಗುತ್ತದೆ. ಒಂದನ್ನು ಸ್ವಲ್ಪ ಇಳಿಸಿದಿರೋ, ಗುಂಯ್ ಶುರು. ವಿಪರ್ಯಾಸವೆಂದರೆ ಜಾಝ್‌ನ ಹೆಸರಾಂತ ಮೂಗಿನ ದನಿ ಬರುವುದೇ ಹಿಂದಿನ ಪಿಕಪ್ ಒಂದನ್ನೇ ತೆರೆದಾಗ.

ಹಾಗಾದರೆ ಯಾವ ಸರಣಿ? ಅಮೆರಿಕನ್ ಪ್ರೊಫೆಷನಲ್ 2 ಎರಡು ಲಕ್ಷದ ಆಸುಪಾಸಿನಿಂದ ಶುರು. ನೆಕ್ ಒಳಗೆ ಗ್ರಾಫೈಟ್ ಕಂಬಿಗಳಿವೆ, ಟ್ರಸ್ ರಾಡ್ ತಲೆಯ ಕಡೆಯಿಂದ ತಿರುಗುತ್ತದೆ. ಅಮೆರಿಕನ್ ಅಲ್ಟ್ರಾ ಇನ್ನೂ ದುಬಾರಿ. ಅದರ ಜಾಝ್‌ಗೆ ನಾಯ್ಸ್‌ಲೆಸ್ ಪಿಕಪ್, 18 ವೋಲ್ಟ್ ಪ್ರೀಆಂಪ್, ಅದನ್ನು ಪೂರ್ತಿ ಬದಿಗಿಟ್ಟು ಬ್ಯಾಟರಿ ಇಲ್ಲದೆ ನುಡಿಸುವ ಪ್ಯಾಸಿವ್ ಸ್ವಿಚ್. ಜಾಝ್ ದನಿ ಬೇಕು, ಜನರೇಟರ್ ಪಕ್ಕವೇ ನುಡಿಸಬೇಕು ಎನ್ನುವವರಿಗೆ ಹೆಚ್ಚುವರಿ ದುಡ್ಡು ಸಾರ್ಥಕ. ಪ್ರಿಸಿಷನ್ ಬೇಕೆನ್ನುವವರಿಗೆ ಪ್ರೊಫೆಷನಲ್ 2 ಸಾಕು, ಮೇಲಿನದಕ್ಕೆ ಹೋಗುವ ಅಗತ್ಯ ಕಾಣುವುದಿಲ್ಲ. ಅಮೆರಿಕನ್ ವಿಂಟೇಜ್ 2 ಸುಂದರ, ಆದರೆ ಮೇಲೆ ಹೇಳಿದ ಬುಡದ ನಟ್ ಇರುವುದು ಅದರಲ್ಲೇ. ಘಟ್ಟದ ಕೆಳಗಿನವರು ಬಿಟ್ಟುಬಿಡುವುದು ಒಳ್ಳೆಯದು.

ಇಲ್ಲೇ ಒಂದು ಮಾತು. ಈ ಬೇಸ್‌ಗಳ ರೋಸ್‌ವುಡ್ ಫಿಂಗರ್‌ಬೋರ್ಡ್ ಎನ್ನುವುದು ಬಹುಪಾಲು ನಮ್ಮ ಕಾಡಿನ ಬೀಟೆಯ ಜಾತಿಯೇ, ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. 2017ರ ಜನವರಿಯಲ್ಲಿ ಇಡೀ ಡಾಲ್ಬರ್ಜಿಯಾ ಕುಲ ಸೈಟಿಸ್ (ಅಪಾಯದಲ್ಲಿರುವ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ನಿರ್ಬಂಧಕ್ಕೆ ಬಂದಾಗ ಕಂಪನಿಗಳು ಬೇರೆ ಮರ ಹುಡುಕಿದವು. 2019ರ ನವೆಂಬರ್‌ನಲ್ಲಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಬ್ರೆಜಿಲ್ ರೋಸ್‌ವುಡ್‌ಗೆ ಮಾತ್ರ ವಿನಾಯಿತಿ ಇಲ್ಲ. ವಿದೇಶದಿಂದ 1960ರ ದಶಕದ ಹಳೆ ಬೇಸ್ ತರಿಸುವ ಆಸೆಯಿದ್ದವರು ಕಾಗದಪತ್ರ ಇಲ್ಲದೆ ಕೈಹಾಕಬೇಡಿ.

ಯಮಹಾದ ಜಪಾನಿ ಬಿಬಿ ಪಿ34 ಸಿಕ್ಕರೆ ಅದನ್ನು ಇದೇ ಸಾಲಿನಲ್ಲಿಡಬಹುದು. ಮೇಪಲ್, ಮಹಾಗನಿ ಸೇರಿಸಿದ ಐದು ಪಟ್ಟಿಯ ನೆಕ್, ಆರು ಬೋಲ್ಟ್, ಬ್ಯಾಟರಿ ಇಲ್ಲ. ಹೆಸರಿನ ಹಂಗಿಲ್ಲದವರಿಗೆ ಫೆಂಡರ್‌ಗಿಂತ ಕಡಿಮೆ ದುಡ್ಡಿಗೆ ಗಟ್ಟಿಮುಟ್ಟಾದ ವಸ್ತು. ಮರುಮಾರಾಟದಲ್ಲಿ ಮಾತ್ರ ಫೆಂಡರ್‌ನಷ್ಟು ಬೆಲೆ ಉಳಿಯುವುದಿಲ್ಲ.

ಸ್ಟಿಂಗ್‌ರೇ ಸ್ಪೆಷಲ್: ತೇವಕ್ಕೆ ಸಿದ್ಧವಾಗಿ ಬಂದದ್ದು

ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ 1976ರಲ್ಲಿ ಬಂತು. 2018ರಿಂದ ಬರುತ್ತಿರುವ ಸ್ಪೆಷಲ್ ಆವೃತ್ತಿಯನ್ನು ನೋಡಿದರೆ ಕರಾವಳಿಯವರೇ ಕೇಳಿ ಮಾಡಿಸಿದ ಹಾಗಿದೆ: ಹುರಿದ ಮೇಪಲ್ ನೆಕ್, ಸ್ಟೇನ್‌ಲೆಸ್ ಫ್ರೆಟ್, ಮೊದಲಿನ ಸ್ಟಿಂಗ್‌ರೇಗಿಂತ ಕಡಿಮೆ ತೂಕ, ಗುಂಯ್‌ಗುಡದ ಹಮ್‌ಬಕರ್. ಟ್ರಸ್ ರಾಡ್‌ಗೆ ನೆಕ್‌ನ ಬುಡದಲ್ಲಿ ಹೊರಗೇ ಕಾಣುವ ಚಕ್ರ. ತಂತಿ ಬಿಚ್ಚದೆ, ಒಂದು ಗಟ್ಟಿ ಕಡ್ಡಿ ತೂರಿಸಿ ತಿರುಗಿಸಿದರೆ ಆಯಿತು. ಆಷಾಢದಲ್ಲಿ ನೆಕ್ ಅಲುಗಾಡಿದರೂ ಎರಡು ನಿಮಿಷದ ಕೆಲಸ.

ತೊಂದರೆ ಎರಡು. ನೆಕ್‌ನ ಹಿಂಬದಿಗೆ ಎಣ್ಣೆ–ಮೇಣದ ಲೇಪ. ಕೈಗೆ ರೇಷ್ಮೆಯಂತಿರುತ್ತದೆ, ಆದರೆ ಬೆವರಿಗೆ ಕಪ್ಪಾಗುತ್ತದೆ, ವರ್ಷಕ್ಕೆರಡು ಬಾರಿ ಒರೆಸಿ ಮತ್ತೆ ಮೇಣ ಹಚ್ಚಬೇಕು. ಎರಡನೆಯದು, ಪ್ಯಾಸಿವ್ ಸ್ವಿಚ್ ಇಲ್ಲ. ಬ್ಯಾಟರಿ ಸತ್ತರೆ ಬೇಸೂ ಸತ್ತಂತೆ. ಕೇಬಲ್ ಚುಚ್ಚಿದ್ದಷ್ಟು ಹೊತ್ತೂ ಬ್ಯಾಟರಿ ಇಳಿಯುತ್ತಲೇ ಇರುತ್ತದೆ, ಆದ್ದರಿಂದ ನುಡಿಸಿ ಮುಗಿದ ಕೂಡಲೇ ಕೇಬಲ್ ಕೀಳಬೇಕು. ಮಳೆಗಾಲದಲ್ಲಿ ವಾರಗಟ್ಟಲೆ ಮುಟ್ಟದಿದ್ದರೆ ಬ್ಯಾಟರಿ ತೆಗೆದೇ ಇಡಿ, ಸೋರಿದರೆ ಸಂಪರ್ಕದ ತಗಡು ತಿಂದುಹೋಗುತ್ತದೆ. ಎರಡು ಹೊಸ 9 ವೋಲ್ಟ್ ಬ್ಯಾಟರಿ ಕೇಸಿನಲ್ಲಿ ಸದಾ ಇರಲಿ, ಶಿರಸಿ ಜಾತ್ರೆಯ ರಾತ್ರಿ ಹನ್ನೊಂದಕ್ಕೆ ಬ್ಯಾಟರಿ ಹುಡುಕುವುದು ಸುಲಭವಲ್ಲ.

ದನಿ? ಮುಂದೆ ನುಗ್ಗುವಂಥದ್ದು. ಡ್ರಮ್ ಪ್ಯಾಡ್, ಎರಡು ಕೀಬೋರ್ಡ್, ಸ್ಯಾಕ್ಸೊಫೋನ್ ಇರುವ ಮದುವೆ ಬ್ಯಾಂಡಿನಲ್ಲೂ ಬೇಸ್ ಕೇಳಿಸುತ್ತದೆ. ಚರ್ಚ್‌ನ ಮೆತ್ತಗಿನ ಹಾಡುಗಳಿಗೆ ಮಾತ್ರ ಸ್ವಲ್ಪ ಒರಟು. ಬೆಲೆ ಸುಂಕವೆಲ್ಲ ಸೇರಿ ಮೂರು ಲಕ್ಷದ ಆಸುಪಾಸು.

ಸಡೌಸ್ಕಿ, ವಾರ್ವಿಕ್: ಜರ್ಮನಿಯ ಒಂದೇ ಊರಿನ ಎರಡು ಸ್ವಭಾವ

ರೋಜರ್ ಸಡೌಸ್ಕಿ 1979ರಲ್ಲಿ ನ್ಯೂಯಾರ್ಕ್‌ನಲ್ಲಿ ಅಂಗಡಿ ತೆರೆದವರು. 2020ರಿಂದ ಅವರ ಮೆಟ್ರೋಲೈನ್ ಸರಣಿಯ ಬೇಸ್‌ಗಳು ಜರ್ಮನಿಯ ಮಾರ್ಕ್‌ನ್ಯೂಕಿರ್ಷನ್‌ನಲ್ಲಿ, ವಾರ್ವಿಕ್ ಕಾರ್ಖಾನೆಯಲ್ಲಿ ತಯಾರಾಗುತ್ತವೆ. ಸರಳವಾಗಿ ಹೇಳುವುದಾದರೆ ಜಾಝ್ ಬೇಸ್‌ನ ಎಲ್ಲ ದೂರುಗಳನ್ನು ಒಂದೊಂದಾಗಿ ತಿದ್ದಿದ ಜಾಝ್ ಬೇಸ್: ಗುಂಯ್ ತಡೆಯುವ ಪಿಕಪ್, ಹಗುರ ದೇಹ, ಬ್ಯಾಟರಿ ಸತ್ತರೆ ಪ್ಯಾಸಿವ್‌ಗೆ ತಿರುಗುವ ಸೌಲಭ್ಯ. ಪ್ರೀಆಂಪ್ ಏರಿಸುತ್ತದೆ, ಇಳಿಸುವುದಿಲ್ಲ. ಮಂದ್ರವನ್ನು 40 ಹರ್ಟ್ಸ್ ಸುತ್ತ, ಟ್ರೆಬಲ್ (ತಾರ) ದನಿಯನ್ನು 4 ಕಿಲೋಹರ್ಟ್ಸ್ ಸುತ್ತ. ನಾಬ್ ಅರ್ಧಕ್ಕಿಂತ ಹೆಚ್ಚು ತಿರುಗಿಸಿದರೆ ಬಾಡಿಗೆ ಸ್ಪೀಕರ್ ಬೊಬ್ಬಿರಿಯುತ್ತದೆ, ಕಾಲು ಭಾಗದಲ್ಲಿ ಇಟ್ಟುಕೊಳ್ಳಿ. ನಾಲ್ಕು ಲಕ್ಷದ ಮೇಲೆ ಹೋಗುತ್ತದೆ. ಗೋವಾದ ಹೋಟೆಲುಗಳಲ್ಲಿ ವಾರಕ್ಕೆ ಮೂರು ದಿನ ನುಡಿಸಿ, ತಿಂಗಳಿಗೊಮ್ಮೆ ರೆಕಾರ್ಡಿಂಗ್ ಮಾಡುವವರಿಗೆ ಒಂದೇ ಬೇಸ್‌ನಲ್ಲಿ ಎಲ್ಲ ಕೆಲಸ ಮುಗಿಸುವ ಆಯ್ಕೆ. ಭಾನುವಾರದ ಪೂಜೆಗೆ ಮಾತ್ರ ನುಡಿಸುವವರಿಗೆ ಅತಿಯಾಯಿತು.

ವಾರ್ವಿಕ್ ಥಂಬ್‌ನ ದನಿ ಬೇರಾವ ಬೇಸ್‌ನಲ್ಲೂ ಸಿಗದು, ಒಪ್ಪೋಣ. ಒವಂಗ್‌ಕೋಲ್, ವೆಂಗೆಯಂಥ ಆಫ್ರಿಕದ ಗಡಸು ಮರಗಳು ತೇವಕ್ಕೆ ಬೇಗ ಬಗ್ಗುವವಲ್ಲ. ಆದರೆ ತೂಕ ಹೆಚ್ಚು, ದೇಹ ಚಿಕ್ಕದು, ಹಾಗಾಗಿ ಕೈಬಿಟ್ಟರೆ ತಲೆ ನೆಲಕ್ಕೆ ಬಾಗುತ್ತದೆ. ಎಡಗೈ ನೆಕ್ ಹೊರುವುದರಲ್ಲೇ ಸೋಲುತ್ತದೆ. ಮರಕ್ಕೆ ಲ್ಯಾಕರ್ ಇಲ್ಲದೆ ಜೇನುಮೇಣವಷ್ಟೇ ಇರುವ ಮಾದರಿಯಾದರೆ ಮೇ ಕೊನೆಗೊಮ್ಮೆ, ದೀಪಾವಳಿ ಹೊತ್ತಿಗೊಮ್ಮೆ ಮೇಣ ತಿಕ್ಕಲೇಬೇಕು. ತಪ್ಪಿಸಿದರೆ ಕೇಸಿನೊಳಗೆ ಬೂಷ್ಟು. ಕೂತು ನುಡಿಸುವವರು, ಮನೆಯಲ್ಲೇ ರೆಕಾರ್ಡ್ ಮಾಡುವವರು ಯೋಚಿಸಬಹುದು.

ಮನಸೋಲುವ ಮುಂಚೆ ಎಚ್ಚರ ಬೇಕಾದವು

ರಿಕನ್‌ಬ್ಯಾಕರ್ 4003ರ ಚೆಲುವಿಗೆ ಸೋಲದವರಿಲ್ಲ. ಸ್ಕೇಲ್ 33¼ ಇಂಚು, ದೇಹದ ಮೂಲಕ ಹಾಯ್ದ ನೆಕ್, ಸಿಂಗಲ್ ಕಾಯಿಲ್ ಪಿಕಪ್. ನೆಕ್ ಬದಲಿಸುವಂತಿಲ್ಲ, ಜನರೇಟರ್ ಪಕ್ಕ ನುಡಿಸುವಂತಿಲ್ಲ. ಕಣ್ಣಿಗೆ ಬೇಕಾದವರು ಕೊಳ್ಳಲಿ.

ಡಿಂಗ್‌ವಾಲ್‌ನ ಓರೆ ಫ್ರೆಟ್‌ಗಳ ಬೇಸ್‌ನಲ್ಲಿ ಕೆಳಗಿನ ಬಿ ತಂತಿ (ಐದು ತಂತಿಯ ಬೇಸ್‌ನ ಅತಿ ಮಂದ್ರ ತಂತಿ) 37 ಇಂಚು. ಅಷ್ಟು ಸ್ಪಷ್ಟ ಬಿ ಬೇರೆಲ್ಲೂ ಕೇಳಸಿಗದು. ಆದರೆ ಮಾಮೂಲಿ ಸೆಟ್ಟಿನ ಬಿ ತಂತಿ ಅದಕ್ಕೆ ಸಾಲುವುದಿಲ್ಲ, ಆ ಉದ್ದದ್ದನ್ನೇ ತರಿಸಬೇಕು. ಉಪ್ಪು ಗಾಳಿಯಲ್ಲಿ ತಂತಿ ಬೇಗ ಸಾಯುವ ಊರಿನಲ್ಲಿ ಎರಡು ಸೆಟ್ ಮುಂಚಿತವಾಗಿಯೇ ಇಟ್ಟುಕೊಳ್ಳುವ ಶಿಸ್ತು ಇದ್ದರೆ ಮಾತ್ರ ಸರಿ.

ಕಾರ್ಬನ್ ನೆಕ್‌ನ ಬೇಸ್‌ಗಳು, ಅಂದರೆ ಹಳೆಯ ಸ್ಟೇಟಸ್, ಮಾಡ್ಯುಲಸ್, ಸ್ಟೈನ್‌ಬರ್ಗರ್, ತೇವದ ವಿಷಯದಲ್ಲಿ ಎಲ್ಲರಿಗಿಂತ ಮುಂದೆ. ಕಾರ್ಬನ್ ನೀರು ಕುಡಿಯುವುದಿಲ್ಲ, ನೆಕ್ ಜನವರಿಯಲ್ಲಿದ್ದ ಹಾಗೇ ಜುಲೈನಲ್ಲೂ ಇರುತ್ತದೆ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಎರಡು ವಿಷಯ ಪರೀಕ್ಷಿಸಿ. ಹಳೆಯ ಹಲವು ಮಾದರಿಗಳಲ್ಲಿ ಟ್ರಸ್ ರಾಡೇ ಇಲ್ಲ, ರಿಲೀಫ್ ಈಗ ಸರಿಯಿಲ್ಲದಿದ್ದರೆ ಮುಂದೆಂದೂ ಸರಿಯಾಗುವುದಿಲ್ಲ. ತಲೆಯಿಲ್ಲದ ಹಳೆ ಸ್ಟೈನ್‌ಬರ್ಗರ್‌ಗೆ ಎರಡೂ ತುದಿಯಲ್ಲಿ ಗುಂಡಿರುವ ತಂತಿ ಬೇಕು, ಅದು ಬೆಂಗಳೂರಿನಲ್ಲೂ ಸುಲಭಕ್ಕೆ ಸಿಗುವ ಸರಕಲ್ಲ.

ಬ್ರೂಕ್ಲಿನ್‌ನ ಫೊಡೇರಾದಂಥ ಕೈಕೆಲಸದವರ ಬಳಿ ಹೋಗುವವರಿಗೆ ಒಂದೇ ಸಲಹೆ: ಆರ್ಡರ್ ಕೊಡುವಾಗಲೇ ಗ್ರಾಫೈಟ್ ಕಂಬಿ, ಸ್ಟೇನ್‌ಲೆಸ್ ಫ್ರೆಟ್, ಪಾಲಿ ಫಿನಿಶ್ (ಪ್ಲಾಸ್ಟಿಕ್‌ನಂಥ ಗಟ್ಟಿ ಲೇಪ) ಎಂದು ಬರೆಸಿ. ನೈಟ್ರೋ ಲ್ಯಾಕರ್ ನಮ್ಮ ಸೆಖೆಗೆ ಅಂಟಂಟಾಗುತ್ತದೆ.

ಐದನೇ ತಂತಿಯ ಮೋಹ

ನಾಲ್ಕು ತಂತಿಯ ಬೇಸ್‌ನ ಕೆಳಗಿನ ಇ 41 ಹರ್ಟ್ಸ್, ಐದು ತಂತಿಯ ಬಿ 31 ಹರ್ಟ್ಸ್. ಬಾಡಿಗೆ ಸೌಂಡಿನವರು ತರುವ ಸಾಮಾನ್ಯ 15 ಇಂಚಿನ ಟಾಪ್‌ಗಳು (ಮುಖ್ಯ ಸ್ಪೀಕರ್‌ಗಳು) 50 ಹರ್ಟ್ಸ್ ಕೆಳಗೆ ಉಸಿರು ಬಿಡುತ್ತವೆ. ಸಬ್ (ಮಂದ್ರಕ್ಕೆಂದೇ ಇರುವ ಸ್ಪೀಕರ್) ಇಲ್ಲದ ಕಡೆ ಬಿ ನುಡಿಸಿದಾಗ ನಿಮಗೆ ಕೇಳುವುದು ಒಂದು ಸಪ್ತಕ ಮೇಲಿನ 62 ಹರ್ಟ್ಸ್ ಮತ್ತು ಅದರಾಚೆಯ ಉಪಸ್ವರಗಳು ಮಾತ್ರ. ಹಾಗೆಂದು ಐದನೇ ತಂತಿ ದಂಡವಲ್ಲ. ಗಾಯಕಿಗೆ ಹೊಂದುವಂತೆ ಹಾಡನ್ನು ಇ ಫ್ಲ್ಯಾಟ್‌ಗೋ ಡಿಗೋ ಇಳಿಸುವ ಆರ್ಕೆಸ್ಟ್ರಾದಲ್ಲಿ ಕೈ ಜಾಗ ಬದಲಿಸದೆ ನುಡಿಸಲು ಅನುಕೂಲ. ತಂತಿಗಳ ನಡುವಿನ ಅಂತರವನ್ನು ಮಾತ್ರ ಗಮನಿಸಿ: ಸ್ಟಿಂಗ್‌ರೇ 5ರಲ್ಲಿ ಬ್ರಿಜ್ ಬಳಿ 17.5 ಮಿ.ಮೀ., ಸಡೌಸ್ಕಿಯಲ್ಲಿ 19. ಸ್ಲ್ಯಾಪ್ ಮಾಡುವ (ತಂತಿ ಬಡಿದು ನುಡಿಸುವ) ಹೆಬ್ಬೆರಳಿಗೆ ಆ ಒಂದೂವರೆ ಮಿ.ಮೀ. ಚೆನ್ನಾಗಿಯೇ ಗೊತ್ತಾಗುತ್ತದೆ.

ಯಾರಿಗೆ ಯಾವುದು

ಚರ್ಚ್ ಕ್ವಾಯರ್, ಹಳೆಯ ಹಿಂದಿ–ಕನ್ನಡ ಹಾಡುಗಳಿಗೆ ಪ್ರಿಸಿಷನ್ ಸಾಕು. ಅದಕ್ಕೆ ಸ್ಟೇನ್‌ಲೆಸ್ ಫ್ಲ್ಯಾಟ್‌ವೂಂಡ್ ತಂತಿ ಹಾಕಿ. ನುಣುಪಾದ ಮೈಗೆ ಬೆವರು, ಉಪ್ಪು ಕೂರುವುದಿಲ್ಲ, ವರ್ಷಗಟ್ಟಲೆ ಬಾಳುತ್ತದೆ. ಎಳೆತ ಹೆಚ್ಚಾದ್ದರಿಂದ ಟ್ರಸ್ ರಾಡ್ ಮತ್ತೆ ಹೊಂದಿಸಬೇಕಾಗುತ್ತದೆ. ಮದುವೆ ಬ್ಯಾಂಡ್, ಬಯಲು ವೇದಿಕೆಗಳಿಗೆ ಸ್ಟಿಂಗ್‌ರೇ ಸ್ಪೆಷಲ್. ಘಟ್ಟ ಹತ್ತಿ ಹುಬ್ಬಳ್ಳಿಗೆ, ಇಳಿದು ಮಡಗಾಂವಿಗೆ ವಾರವಾರ ಓಡಾಡುವವರಿಗೂ ಅದೇ. ಒಣ ಊರಲ್ಲಿ ಫಿಂಗರ್‌ಬೋರ್ಡ್ ಕುಗ್ಗಿ ಫ್ರೆಟ್ ತುದಿಗಳು ಅಂಗೈಗೆ ಗೀರುವ ಕಾಟ ಹುರಿದ ಮರದಲ್ಲಿ ಕಡಿಮೆ. ಶಿರಸಿ, ಸಿದ್ದಾಪುರದವರಿಗೆ ಉಪ್ಪಿನ ಭಯ ಇಲ್ಲ, ತೇವದ್ದಷ್ಟೇ. ಅವರು ಪ್ರೊಫೆಷನಲ್ 2 ಜಾಝ್ ಕೊಂಡು ಉಳಿದ ದುಡ್ಡಿನಲ್ಲಿ ಒಳ್ಳೆಯ ಆಂಪ್ ಕೊಂಡರೆ ನಾಲ್ಕು ಲಕ್ಷದ ಬೇಸನ್ನು ಸಾಧಾರಣ ಸ್ಪೀಕರಿಗೆ ಚುಚ್ಚುವುದಕ್ಕಿಂತ ಎಷ್ಟೋ ಮೇಲು.

ವಿದೇಶದಿಂದ ನೇರ ತರಿಸಿದರೆ ಅಗ್ಗ ಎಂಬುದು ಅರ್ಧ ಸತ್ಯ. ಸುಂಕ, ಅದರ ಮೇಲಿನ ಸರ್‌ಚಾರ್ಜ್, ಐಜಿಎಸ್‌ಟಿ, ಕೊರಿಯರ್‌ನವರ ಕ್ಲಿಯರೆನ್ಸ್ ಶುಲ್ಕ ಎಲ್ಲ ಕೂಡಿಸಿ ನೋಡಿ. ಸಾಗಣೆ ವೆಚ್ಚದ ಮೇಲೂ ಸುಂಕ ಬೀಳುತ್ತದೆ. ಬೆಂಗಳೂರಿನ ಅಂಗಡಿಗೆ ಹೋಗುವವರು ಫೀಲರ್ ಗೇಜ್, ಕ್ಯಾಪೋ, ಲಗೇಜ್ ತೂಗುವ ಕೊಕ್ಕೆ ತಕ್ಕಡಿ ಜೊತೆಗೊಯ್ಯಿರಿ. ಜಿ ತಂತಿಯ ಐದರಿಂದ ಏಳನೇ ಫ್ರೆಟ್‌ಗಳನ್ನು ಒಂದೊಂದಾಗಿ ನುಡಿಸಿ, ದನಿ ಎಷ್ಟು ಸೆಕೆಂಡ್ ನಿಲ್ಲುತ್ತದೆಂದು ಎಣಿಸಿ. ಫೆಂಡರ್ ಮಾದರಿಯ ನೆಕ್‌ಗಳಲ್ಲಿ ಅಲ್ಲೊಂದು ಸ್ವರ ಬೇಗ ಕಂತುವುದುಂಟು, ಅದು ಸೆಟಪ್‌ನಿಂದ ಹೋಗುವುದಿಲ್ಲ. ಟ್ರಸ್ ರಾಡನ್ನು ಅಂಗಡಿಯವರಿಂದಲೇ ಕಾಲು ಸುತ್ತು ಬಿಗಿಸಿ, ಸಡಿಲಿಸಿ ತೋರಿಸಲು ಹೇಳಿ. ಆಗಲೇ ಪೂರ್ತಿ ಬಿಗಿದುಹೋಗಿದ್ದರೆ ಆ ಬೇಸ್ ಬೇಡ.

ಕೊಳ್ಳುವ ಕಾಲ ನವೆಂಬರ್‌ನಿಂದ ಫೆಬ್ರವರಿ. ಒಣ ಊರಿನಿಂದ ಬಂದ ಮರಕ್ಕೆ ಜಡಿಮಳೆಯ ಮುಂಚೆ ಕನಿಷ್ಠ ಮೂರು ತಿಂಗಳು ಸಿಗುತ್ತದೆ. ಪೆಟ್ಟಿಗೆ ಮನೆಗೆ ಬಂದ ದಿನ ತೆರೆಯದೆ ಒಂದು ರಾತ್ರಿ ಹಾಗೇ ಬಿಡಿ. ಮರುದಿನ ರಿಲೀಫ್ ಅಳೆದು, ತಾರೀಖಿನ ಜೊತೆ ಒಂದು ಚೀಟಿಯಲ್ಲಿ ಬರೆದು ಕೇಸಿನಲ್ಲಿಡಿ. ಕೇಸಿಗೆ ತೇವಮಾಪಕ, ಅರ್ಧ ಕೆಜಿ ಕಿತ್ತಳೆ ಬಣ್ಣದ ಸಿಲಿಕಾ ಜೆಲ್. ಅದು ಹಸಿರಾದಾಗ ಓವನ್‌ನಲ್ಲಿ 110 ಡಿಗ್ರಿಗೆ ಎರಡು ತಾಸು ಕಾಯಿಸಿದರೆ ಮತ್ತೆ ಕಿತ್ತಳೆಗೆ ತಿರುಗುತ್ತದೆ. ಕೇಸ್ ಹೊರಗೋಡೆಗೆ ತಾಗುವುದು ಬೇಡ. ಜೂನ್ ಕೊನೆಗೆ ಇನ್ನೊಮ್ಮೆ ಅಳೆಯಿರಿ. ಚೀಟಿಯಲ್ಲಿದ್ದ ಅಂಕಿಗಿಂತ 0.2 ಮಿ.ಮೀ. ಆಚೀಚೆ ಆಗಿದ್ದರೆ ಕಾಲು ಸುತ್ತು ತಿರುಗಿಸಿ, ಒಂದು ರಾತ್ರಿ ಬಿಟ್ಟು, ಮತ್ತೆ ಅಳೆದು, ಹೊಸ ಅಂಕಿಯನ್ನು ಅದೇ ಚೀಟಿಯ ಕೆಳಗೆ ಬರೆಯಿರಿ.